9ಕ್ಕೆ ಹೊರಟು 9.20ಕ್ಕೆ ಇಳಿಯುವ ವಿಮಾನ

12 ನವೆಂಬರ್ 2025, ಬುಧವಾರ

ಸಂಜೆ ಲಂಡನ್ನಿಂದ ಅಕ್ಕನ ಮಗಳ ಫೋನು. "ಮಾಮಾ, ಟಿಕೆಟ್‌ನಲ್ಲಿ ಏನೋ ತಪ್ಪಿದೆ. ಪ್ಯಾರಿಸ್‌ಗೆ ಹೋಗೋವಾಗ 9ಕ್ಕೆ ಹೊರಟು 11.20ಕ್ಕೆ ಮುಟ್ಟುತ್ತೆ. ಬರೋವಾಗ 9ಕ್ಕೆ ಹೊರಟು 9.20ಕ್ಕೇ ಇಳಿಸ್ತಾರಂತೆ!"

ತಪ್ಪಿಲ್ಲ ಪುಟ್ಟಿ. ಪ್ಯಾರಿಸ್ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಟಿಕೆಟ್‌ನಲ್ಲಿ ಹಾಕೋದು ಆಯಾ ಊರಿನ ಸಮಯ. ಹೋಗುವಾಗ ಒಂದು ಗಂಟೆ ಕಳೆ, ಬರುವಾಗ ಕೂಡಿಸು. ಎರಡೂ ಕಡೆ 1 ಗಂಟೆ 20 ನಿಮಿಷವೇ.

"344 ಕಿಲೋಮೀಟರ್‌ಗೆ 80 ನಿಮಿಷವಾ?"

ಇದು ಸರಿಯಾದ ಪ್ರಶ್ನೆ. ಆ 344 ಊರಿಂದೂರಿಗೆ ನೇರ ಗೆರೆ ಎಳೆದಾಗಿನ ಲೆಕ್ಕ. ವಿಮಾನ ಆ ಗೆರೆ ಮೇಲೆ ಹೋಗುವುದಿಲ್ಲ. ಎದುರುಗಾಳಿಗೆ ಮುಖ ಮಾಡಿಯೇ ಏಳಬೇಕು. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಹೆಚ್ಚಾಗಿ ಬೀಸುವುದು ಪಡುವಣ ಗಾಳಿ. ಹಾಗಾಗಿ ಪ್ಯಾರಿಸ್ ಆಗ್ನೇಯಕ್ಕಿದ್ದರೂ ವಿಮಾನ ಪಶ್ಚಿಮಕ್ಕೆ ಎದ್ದು, ಆಮೇಲೆ ತಿರುಗಿಕೊಳ್ಳುತ್ತದೆ. ಟಿಕೆಟ್‌ನ ಸಮಯವೂ ಹಾರಾಟದ ಸಮಯವಲ್ಲ: ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವ ತನಕ. ರನ್‌ವೇ ಮುಂದಿನ ಸಾಲಿನಲ್ಲೇ ಕಾಲು ಗಂಟೆ, ಇಪ್ಪತ್ತು ನಿಮಿಷ ಹೋಗುತ್ತದೆ. ಗಾಳಿಯಲ್ಲಿರುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಐವತ್ತು ನಿಮಿಷ. ಮೇಲೇರಿ ಸ್ಥಿರವಾಗುವಷ್ಟರಲ್ಲಿ ಇಳಿಯಲು ಶುರು.

ಬರುವಾಗಿನ ಕಾಟ ಬೇರೆ. ಹೀಥ್ರೋದಲ್ಲಿ ಇಳಿಯಲು ಸರದಿ ಸಿಗದಿದ್ದರೆ ಆಗ್ನೇಯದಿಂದ ಬಂದ ವಿಮಾನಗಳನ್ನು ಬಿಗಿನ್ ಹಿಲ್ ಎಂಬ ಊರಿನ ಮೇಲೆ ಸುತ್ತು ಹಾಕಿಸುತ್ತಾರೆ. ಸಾವಿರ ಸಾವಿರ ಅಡಿ ಅಂತರದಲ್ಲಿ ಒಂದರ ಮೇಲೊಂದು, ಇಡ್ಲಿ ತಟ್ಟೆಗಳ ಹಾಗೆ. ಕೆಳಗಿನದು ಇಳಿಯಲು ಹೊರಟಾಗ ಮೇಲಿನವು ಒಂದೊಂದು ಮೆಟ್ಟಿಲು ಕೆಳಗೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಮೂರು ಸುತ್ತಾದರೆ ಹನ್ನೆರಡು. ಆ 80 ನಿಮಿಷದಲ್ಲಿ ಇಂಥದ್ದಕ್ಕೂ ಜಾಗ ಬಿಟ್ಟಿರುತ್ತಾರೆ. ಅದಕ್ಕೇ ತಡವಾಗಿ ಹೊರಟ ವಿಮಾನವೂ ಒಮ್ಮೊಮ್ಮೆ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವುದು.

ನನ್ನನ್ನು ಕೇಳಿದರೆ ಈ ದಾರಿಗೆ ರೈಲೇ ಸರಿ. ಲಂಡನ್ನಿನ ರೈಲು ನಿಲ್ದಾಣ ಸೇಂಟ್ ಪಾಂಕ್ರಾಸ್‌ನಿಂದ ಪ್ಯಾರಿಸ್‌ನ ಗಾರ್ ದು ನೋರ್‌ಗೆ 492 ಕಿಲೋಮೀಟರ್, ಸುಮಾರು 2 ಗಂಟೆ 20 ನಿಮಿಷ. ದೂರ ಹೆಚ್ಚು, ಹೊತ್ತು ಹೆಚ್ಚು, ಆದರೂ ಮನೆಯಿಂದ ಹೋಟೆಲ್‌ವರೆಗೆ ಲೆಕ್ಕ ಹಾಕಿದರೆ ರೈಲಿಗೇ ಗೆಲುವು. ವಿಮಾನಕ್ಕೆ ಎರಡು ಗಂಟೆ ಮೊದಲೇ ಹೋಗಬೇಕು, ಪ್ಯಾರಿಸ್‌ನ ವಿಮಾನ ನಿಲ್ದಾಣ ಷಾರ್ಲ್ ದ ಗೋಲ್‌ನಲ್ಲಿ ಇಳಿದು ಪಾಸ್‌ಪೋರ್ಟ್ ಸಾಲು, ಅಲ್ಲಿಂದ ಊರೊಳಕ್ಕೆ ಆರ್‌ಇಆರ್ ಬಿ ರೈಲಿನಲ್ಲಿ ಮತ್ತೆ ಅರ್ಧ ಗಂಟೆ. ಈ ಯೂರೋಸ್ಟಾರ್ ರೈಲು ಹತ್ತುವವರಿಗೆ ಫ್ರಾನ್ಸ್‌ನ ತಪಾಸಣೆಯೂ ಲಂಡನ್ನಲ್ಲೇ ಮುಗಿಯುತ್ತದೆ. ಪ್ಯಾರಿಸ್‌ನಲ್ಲಿ ಇಳಿದು ನಡೆದು ಹೊರಗೆ ಬಂದರಾಯಿತು.

2025ರ ಅಕ್ಟೋಬರ್ 12ರಿಂದ ಷೆಂಗೆನ್ (ಒಂದೇ ವೀಸಾ ನಡೆಯುವ ಫ್ರಾನ್ಸ್ ಮುಂತಾದ ಯುರೋಪಿನ ದೇಶಗಳ) ಗಡಿಗಳಲ್ಲಿ ಹಂತ ಹಂತವಾಗಿ ಬೆರಳಚ್ಚು, ಫೋಟೋ ತೆಗೆಯಲು ಶುರುಮಾಡಿದ್ದಾರೆ. ಮೊದಲ ಸಲ ಹೋಗುವವರಿಗೆ ಸಾಲು ಇನ್ನೂ ಉದ್ದವಾದೀತು.

ಅಯ್ಯೋ, ಷೆಂಗೆನ್ ವೀಸಾ ಮಾಡಿಸಿದ್ದಾಳಾ? ಬ್ರಿಟನ್ ವೀಸಾ ಒಂದನ್ನೇ ಹಿಡಿದು ಹೋದರೆ ವಿಮಾನ ಹತ್ತಲೂ ಬಿಡುವುದಿಲ್ಲ. ಇಲ್ಲೀಗ ರಾತ್ರಿ ಹನ್ನೊಂದು, ಅಲ್ಲಿ ಸಂಜೆ ಐದೂವರೆ. ಈಗಲೇ ಫೋನ್ ಮಾಡಿ ಕೇಳಬೇಕು.