ಎರಡೂ ರಂಧ್ರಗಳಲ್ಲಿ ಬೆಳಗಿದ ಟೆಸ್ಟರ್

ಶಿವನಸಮುದ್ರವನ್ನು ಇನ್ನೊಮ್ಮೆ ನೋಡಬೇಕೆಂಬುದು ಅಪ್ಪನ ಬಹುದಿನಗಳ ಆಸೆಯಾಗಿತ್ತು. ಹೆಸರು ಎಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಇಂದಿಗೂ ಕೆಇಬಿಯಾಗಿಯೇ ಉಳಿದಿರುವ ಇಲಾಖೆಯಲ್ಲಿ ಅವರು ಲೈನ್‌ಮ್ಯಾನ್ ಆಗಿ ಜೀವನ ಸವೆಸಿದವರು. 1902ರಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ನಮ್ಮ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು ಎಂಬ ಮಾತನ್ನು ಅವರು ಮನೆತನದ ಚರಿತ್ರೆಯಂತೆ ಹೇಳುತ್ತಾರೆ. ಆದರೆ ಈಗ ಅವರಿಗೆ ಮಂಡಿನೋವು. ಅದಕ್ಕಿಂತ ಹೆಚ್ಚಾಗಿ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿರುವುದರಿಂದ ರಾತ್ರಿ ಸಿಪ್ಯಾಪ್ ಯಂತ್ರದ ಮುಖವಾಡವಿಲ್ಲದೆ ಮಲಗುವಂತಿಲ್ಲ. ಹಾಸಿಗೆ, ಅಡುಗೆಮನೆ, ಶೌಚಾಲಯಗಳೊಡನೆ ರಾತ್ರಿಯಿಡೀ ವಿದ್ಯುತ್ತೂ ಸಿಗುವ ಮೋಟರ್‌ಹೋಮ್ ಒಂದು ನಗರದಲ್ಲಿಯೇ ಬಾಡಿಗೆಗೆ ದೊರೆಯುತ್ತದೆಂದು ತಿಳಿದಾಗ, ಇದಕ್ಕಿಂತ ತಕ್ಕ ವ್ಯವಸ್ಥೆ ಬೇರೆಯಿಲ್ಲವೆಂದು ನಾನು ಮೂರು ರಾತ್ರಿಗಳಿಗೆ ಹಣ ಕಟ್ಟಿದೆ.

ಬನಶಂಕರಿಯಿಂದ ಹೊರಟಾಗ ಸಂಜೆ ಐದು ಗಂಟೆ. ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯ ಮೆಟ್ರೊ ನಿಲ್ದಾಣವನ್ನು ದಾಟುವುದಕ್ಕೇ ಏಳಾಯಿತು. ಅಷ್ಟು ಉದ್ದದ ವಾಹನವನ್ನು ಕತ್ತಲಲ್ಲಿ ಮಳವಳ್ಳಿಯವರೆಗೆ ಓಡಿಸುವ ಧೈರ್ಯ ಸಾಲದೆ, ಮೊದಲ ರಾತ್ರಿಯನ್ನು ಕಗ್ಗಲೀಪುರದ ಬಳಿಯಿರುವ ಸ್ನೇಹಿತರ ತೆಂಗಿನ ತೋಟದಲ್ಲಿ ಕಳೆಯುವುದೆಂದು ನಿರ್ಧರಿಸಿದೆವು. ತೋಟದಲ್ಲಿದ್ದುದು ಕಾವಲುಗಾರನ ಒಂದು ಕೋಣೆ, ಅದರ ಹೊರಗೋಡೆಯಲ್ಲಿ 16 ಆಂಪಿಯರಿನ ಒಂದೇ ಒಂದು ಸಾಕೆಟ್. ಮೋಟರ್‌ಹೋಮಿನೊಡನೆ ಬಂದಿದ್ದ ದಪ್ಪ ಕೇಬಲ್ಲಿನ ಒಂದು ತುದಿಯನ್ನು ಅಲ್ಲಿಗೂ, ನೀಲಿ ಬಣ್ಣದ ದುಂಡನೆಯ ಇನ್ನೊಂದು ತುದಿಯನ್ನು ವಾಹನದ ಪಕ್ಕೆಯ ಕಿಂಡಿಗೂ ಸೇರಿಸಿದಾಗ ಒಳಗೆ ಎಸಿ ಗುಂಯ್‌ಗುಡತೊಡಗಿತು. ನನ್ನ ಹೆಂಡತಿ ಅಡುಗೆಕಟ್ಟೆಯ ಸಾಕೆಟ್ಟಿಗೆ 1500 ವ್ಯಾಟಿನ ಕೆಟಲ್ ಹಾಕಿ ಕಾಫಿಗೆ ನೀರಿಟ್ಟಳು. ಅಪ್ಪ ಹಿಂದಿನ ಮಂಚದ ಮೇಲೆ ಕಾಲು ಚಾಚಿ ಕುಳಿತರು.

ನೀರು ಕುದಿಯುವ ಮೊದಲೇ ಕೆಟಲ್ಲಿನ ದೀಪ ಆರಿತು. ಮಂಚದ ಪಕ್ಕದಲ್ಲಿ ಚಾರ್ಜಿಗೆ ಹಾಕಿದ್ದ ಫೋನೂ ಸುಮ್ಮನಾಯಿತು. ಆದರೆ ಚಾವಣಿಯ ದೀಪಗಳು ಉರಿಯುತ್ತಲೇ ಇದ್ದವು, ಫ್ರಿಜ್ ತಣ್ಣಗಿತ್ತು, ನಲ್ಲಿ ತಿರುಗಿಸಿದರೆ ನೀರಿನ ಪಂಪು ಓಡುತ್ತಿತ್ತು, ಎಸಿಯೂ ನಿಂತಿರಲಿಲ್ಲ. ಮನೆಯಲ್ಲಿ ಕರೆಂಟು ಹೋದರೆ ಎಲ್ಲವೂ ಹೋಗುತ್ತದೆ. ಎಲ್ಲವೂ ಇದ್ದು ಸಾಕೆಟ್ಟುಗಳು ಮಾತ್ರ ಸತ್ತಿರುವುದನ್ನು ನಾನು ಮೊದಲ ಬಾರಿಗೆ ಕಂಡದ್ದು ಅಂದೇ.

ಮುಂದಿನ ಎರಡು ಗಂಟೆಗಳನ್ನು ನಾನು ಹಾಳುಮಾಡಿದೆ. ಮಂಚದ ಕೆಳಗಿದ್ದ ಪೆಟ್ಟಿಗೆಯನ್ನು ತೆರೆದು ನೋಡಿದರೆ ಹೊರೆ ಹೆಚ್ಚಾದರೆ ತಾವೇ ಬಿದ್ದು ವಿದ್ಯುತ್ತನ್ನು ಕಡಿಯುವ ಎಂಸಿಬಿ ಸ್ವಿಚ್ಚುಗಳೆಲ್ಲವೂ ಮೇಲೆಯೇ ಇದ್ದವು, ವಿದ್ಯುತ್ತು ಸೋರಿದರೆ ಬೀಳುವ ಆರ್‌ಸಿಸಿಬಿಯೂ ಬಿದ್ದಿರಲಿಲ್ಲ. ಹೊರೆ ಹೆಚ್ಚಾಯಿತೇನೋ ಎಂದು ಲೆಕ್ಕ ಹಾಕಿದೆ. ಎಸಿಗೆ ಸುಮಾರು 1200 ವ್ಯಾಟ್, ಕೆಟಲ್ಲಿಗೆ 1500, ಒಟ್ಟು 2700. 230 ವೋಲ್ಟಿನಲ್ಲಿ 16 ಆಂಪಿಯರಿನ ಸಾಕೆಟ್ಟು 3680 ವ್ಯಾಟಿನವರೆಗೆ ತಾಳಬಲ್ಲದು. ಆದ್ದರಿಂದ ಅದೂ ಕಾರಣವಲ್ಲ. ಇನ್ವರ್ಟರನ್ನು ಆರಿಸಿ ಮತ್ತೆ ಹಚ್ಚಿದರೆ ಅದರ ಪರದೆ 230 ವೋಲ್ಟ್ ಹೊರಹೋಗುತ್ತಿದೆಯೆಂದು ತೋರಿಸುತ್ತಿತ್ತು. ಬಾಡಿಗೆಗೆ ಕೊಟ್ಟವರ ಸಹಾಯವಾಣಿಗೆ ಕರೆಮಾಡಿದಾಗ ದೊರೆತ ಸಲಹೆ ನನ್ನನ್ನು ಇಂದಿಗೂ ಕಾಡುತ್ತಿದೆ. ಆರ್‌ಸಿಸಿಬಿಯ ತಂತಿಗಳನ್ನು ಬಿಚ್ಚಿ ನೇರವಾಗಿ ಸೇರಿಸಿಬಿಡಿ, ಎಲ್ಲ ವಾಹನಗಳಲ್ಲೂ ಅದೇ ತೊಂದರೆ ಕೊಡುವುದು ಎಂದು ಆ ದನಿ ಹೇಳಿತು. ಕೇವಲ 30 ಮಿಲಿಆಂಪಿಯರ್ ಸೋರಿದರೂ ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿದು ಮನುಷ್ಯನ ಪ್ರಾಣ ಉಳಿಸುವ ಸಾಧನವದು. ಒದ್ದೆ ನೆಲದ ಮೇಲೆ ನಿಂತಿರುವ ಲೋಹದ ವಾಹನದಲ್ಲಿ, ಬೀಳದೇ ಇದ್ದ ಆ ಸಾಧನವನ್ನೇ ತೆಗೆದುಹಾಕಲು ಹೇಳಿದವರನ್ನು ನಾನು ಕ್ಷಮಿಸಲಾರೆ. ಯಾವ ಎಂಸಿಬಿ ಯಾವುದಕ್ಕೆ ಸೇರಿದ್ದು ಎಂಬ ಚೀಟಿಯಾಗಲಿ, ತಂತಿಗಳ ನಕ್ಷೆಯಾಗಲಿ ವಾಹನದಲ್ಲಿ ಇರಲಿಲ್ಲ. ಬಣ್ಣ ಬದಲಿಸುವ ಚಾವಣಿ ದೀಪಗಳಿಗೂ ಗೋಡೆಯಗಲದ ಟಿವಿಗೂ ಖರ್ಚು ಮಾಡಿದವರು ಒಂದು ಕಾಗದವನ್ನು ಅಂಟಿಸಿದ್ದರೆ ನಾನು ಹೆಚ್ಚು ಮೆಚ್ಚುತ್ತಿದ್ದೆ.

ಹತ್ತೂವರೆಗೆ, ಬನಶಂಕರಿಗೆ ಹಿಂತಿರುಗಿಬಿಡೋಣವೆಂದು ನಾನು ಹೇಳಿದಾಗ, ಅಷ್ಟು ಹೊತ್ತು ಮಾತಿಲ್ಲದೆ ನೋಡುತ್ತಿದ್ದ ಅಪ್ಪ ಕೇಳಿದರು: “ಟೆಸ್ಟರ್ ಹಾಕಿ ನೋಡಿದೆಯಾ?”

“ನೋಡಿದೆ. ದೀಪ ಬರುತ್ತದೆ. ಕರೆಂಟು ಇದೆ, ಆದರೂ ಏನೂ ನಡೆಯುವುದಿಲ್ಲ.”

“ಯಾವ ತೂತಿನಲ್ಲಿ ಬರುತ್ತದೆ?”

ನಾನು ಒಂದರಲ್ಲಿ ಮಾತ್ರ ನೋಡಿದ್ದೆ. ಅಪ್ಪ ತಮ್ಮ ಚೀಲದಿಂದ ಹಳೆಯ ಟೆಸ್ಟರನ್ನು ತೆಗೆದುಕೊಟ್ಟು, ಫೋನಿನ ಚಾರ್ಜರ್ ಇದ್ದ ಜೋಡಿ ಸಾಕೆಟ್ಟಿನ ಪಕ್ಕದ ಖಾಲಿ ಸಾಕೆಟ್ಟನ್ನು ತೋರಿಸಿದರು. ವಿದ್ಯುತ್ತು ಬರುವ ಫೇಸಿನ ರಂಧ್ರದಲ್ಲಿ ದೀಪ ಬಂತು. ವಿದ್ಯುತ್ತು ಹಿಂತಿರುಗುವ ನ್ಯೂಟ್ರಲ್ಲಿನ ರಂಧ್ರದಲ್ಲಿಯೂ ಬಂತು.

“ಎರಡರಲ್ಲೂ ಬಂದರೆ ನ್ಯೂಟ್ರಲ್ ಕಟ್ ಆಗಿದೆ ಎಂದು ತಿಳಿ. ಈಗ ಚಾರ್ಜರ್ ಕಿತ್ತು ನೋಡು.”

ಕಿತ್ತೆ. ನ್ಯೂಟ್ರಲ್ಲಿನ ರಂಧ್ರದ ದೀಪ ಆರಿತು. ಫೇಸಿನಿಂದ ಬಂದ ವಿದ್ಯುತ್ತು ಚಾರ್ಜರಿನ ಒಳಗಿನಿಂದ ಹಾದು ನ್ಯೂಟ್ರಲ್ ತಂತಿಗೆ ಬರುತ್ತದೆ, ಆ ತಂತಿ ಎಲ್ಲೋ ಕಡಿದಿರುವುದರಿಂದ ಹಿಂತಿರುಗಲು ದಾರಿಯಿಲ್ಲದೆ ಅಲ್ಲಿಯೇ ನಿಂತಿರುತ್ತದೆ ಎಂದು ಅಪ್ಪ ವಿವರಿಸಿದರು. ಬಂದ ನೀರು ಹರಿದುಹೋಗದೆ ಕಾಲುವೆಯ ಕೊನೆಯಲ್ಲಿ ಕಟ್ಟಿಕೊಂಡಂತೆ. ಟೆಸ್ಟರ್ ಬಂದ ದಾರಿಯನ್ನು ಮಾತ್ರ ಹೇಳುತ್ತದೆ, ಹೋಗುವ ದಾರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದಾಗ ಅದು ನಿಚ್ಚಳವಾಯಿತು. ಚಾರ್ಜರನ್ನು ಮರಳಿ ಸಿಕ್ಕಿಸಿದಾಗ ಫೇಸಿಗೂ ಅರ್ಥ್ ಎಂಬ ನೆಲದ ತಂತಿಗೂ ನಡುವೆ 228 ವೋಲ್ಟ್ ಇತ್ತು, ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಏನೂ ಇರಲಿಲ್ಲ. ಆರ್‌ಸಿಸಿಬಿ ಏಕೆ ಬೀಳಲಿಲ್ಲವೆಂಬುದೂ ಆಗ ಅರ್ಥವಾಯಿತು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ವ್ಯತ್ಯಾಸ ಬಂದರೆ ಮಾತ್ರ ಅದು ಬೀಳುತ್ತದೆ. ಈ ಸತ್ತ ಸಾಕೆಟ್ಟುಗಳಲ್ಲಿ ಹೋದದ್ದೂ ಇರಲಿಲ್ಲ, ಮರಳಿದ್ದೂ ಇರಲಿಲ್ಲ.

“ಎಲ್ಲ ಸಾಕೆಟ್ಟುಗಳೂ ಸತ್ತಿವೆಯಾ?”

“ಹೆಚ್ಚುಕಡಿಮೆ ಎಲ್ಲವೂ.”

“ಹೆಚ್ಚುಕಡಿಮೆ ಬೇಡ. ಒಂದೊಂದನ್ನೂ ನೋಡಿ ಹೇಳು.”

ಒಟ್ಟು ಆರು ಸಾಕೆಟ್ಟುಗಳಿದ್ದವು. ನಾನು ಐದನ್ನು ನೋಡಿದ್ದೆ. ಬಾಗಿಲ ಮೆಟ್ಟಿಲಿನ ಪಕ್ಕದಲ್ಲಿ, ನೆಲಕ್ಕೆ ತಾಗಿದಂತಿದ್ದ ಆರನೆಯದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕೆ ಚಾರ್ಜರ್ ಹಾಕಿದಾಗ ಫೋನು ಬೆಳಗಿತು. ಸಾಕೆಟ್ಟುಗಳು ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಸೇರಿರುತ್ತವೆ, ಕೊನೆಯ ಬದುಕಿರುವುದಕ್ಕೂ ಮೊದಲ ಸತ್ತಿರುವುದಕ್ಕೂ ನಡುವೆಯೇ ದೋಷವಿರಬೇಕು ಎಂದರು ಅಪ್ಪ. ಬಾಗಿಲಿನಿಂದ ಮುಂದಿನ ಸಾಕೆಟ್ಟು ಅಡುಗೆಕಟ್ಟೆಯದು, ಕೆಟಲ್ ಹಾಕಿದ್ದು ಅದಕ್ಕೇ. ಮೂಗನ್ನು ಹತ್ತಿರ ತಂದಾಗ ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ ಬಂತು. ಕಾಫಿಪುಡಿಯ ಪರಿಮಳದ ನಡುವೆ ನಮಗಾರಿಗೂ ಅದು ತಿಳಿದಿರಲಿಲ್ಲ.

ಸಿಪ್ಯಾಪ್ ಯಂತ್ರವನ್ನು ಬಾಗಿಲ ಬಳಿಯ ಸಾಕೆಟ್ಟಿಗೆ ಹಾಕಿ, ಅಪ್ಪ ಮುಂದಿನ ಸೀಟಿನಲ್ಲಿ ಒರಗಿಕೊಂಡು ರಾತ್ರಿ ಕಳೆಯಬಹುದಿತ್ತು. ನಾನು ಹಾಗೆಯೇ ಸೂಚಿಸಿದೆ. ಅವರು ಒಪ್ಪಲಿಲ್ಲ. ಸುಟ್ಟ ಜಾಯಿಂಟನ್ನು ಮರದ ಹಲಗೆಯ ಹಿಂದೆ ಬಿಟ್ಟು ಅದರ ಪಕ್ಕದಲ್ಲಿ ಮೂವರು ಮಲಗುವುದು ಬೇಡ ಎಂದರು.

ನಾನು ಹೊರಗಿನ ಪ್ಲಗ್ಗನ್ನು ಕಿತ್ತು, ಸ್ಕ್ರೂಡ್ರೈವರ್ ಹಿಡಿದು ಬಂದು ಕೂತೆ. ಅಪ್ಪ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. “ಇನ್ವರ್ಟರ್?” ಎಂದರು. ನನ್ನ ಎದೆ ಧಸಕ್ಕೆಂದಿತು. ಹೊರಗಿನ ವಿದ್ಯುತ್ತನ್ನು ಕಡಿದ ಕೂಡಲೇ ಇನ್ವರ್ಟರು 12 ವೋಲ್ಟಿನ ಬ್ಯಾಟರಿಯಿಂದ ತಾನೇ 230 ವೋಲ್ಟನ್ನು ತಯಾರಿಸಿ ಅದೇ ಸಾಕೆಟ್ಟುಗಳಿಗೆ ಕಳಿಸುತ್ತಿರುತ್ತದೆ. ಅಪ್ಪ ಆಗ ನಿಧಾನವಾಗಿ, ನಾನು ಹಿಂದೆಂದೂ ಕೇಳಿರದ ಒಂದು ಸಂಗತಿಯನ್ನು ಹೇಳಿದರು. ಕಂಬ ಹತ್ತುವವರಿಗೆ ಮೇಲಿನಿಂದ ಬರುವ ವಿದ್ಯುತ್ತಿಗಿಂತ ಮನೆಗಳ ಜನರೇಟರಿನಿಂದ ಹಿಮ್ಮುಖವಾಗಿ ಬರುವ ವಿದ್ಯುತ್ತಿನ ಭಯವೇ ಹೆಚ್ಚಂತೆ. ಸಬ್‌ಸ್ಟೇಷನ್ನಿನಲ್ಲಿ ಲೈನು ಆಫ್ ಆಗಿದೆ ಎಂದು ಎಷ್ಟು ಖಚಿತವಾಗಿ ಹೇಳಿದರೂ, ತಾವು ಕೆಲಸ ಮಾಡುವ ಜಾಗದ ಎರಡೂ ಕಡೆ ಲೈನನ್ನು ಅರ್ಥ್ ಮಾಡದೆ ಅವರು ಕೈಹಾಕುತ್ತಿರಲಿಲ್ಲ. ಹಾಗೆ ಮಾಡಲು ಮರೆತ ಒಬ್ಬ ಜೊತೆಗಾರನ ಬಲಗೈ ಸುಟ್ಟುಹೋಯಿತು. ಅವನು ಆಮೇಲೆ ಕಚೇರಿಯಲ್ಲಿ ಬಿಲ್ಲಿನ ಪುಸ್ತಕಗಳನ್ನು ಎಡಗೈಯಲ್ಲಿ ಬರೆಯುತ್ತ ನಿವೃತ್ತನಾದ. “ಆಫ್ ಆಗಿದೆ ಎಂದು ಹೇಳಿದವನನ್ನು ನಂಬಬೇಡ, ನಾನೇ ಹೇಳಿದರೂ ನಂಬಬೇಡ. ಮೀಟರನ್ನು ಕೇಳು. ಮೀಟರ್ ಸರಿಯಿದೆಯೇ ಎಂದು ಮೊದಲು ಕರೆಂಟಿರುವ ಕಡೆ ಕೇಳು.” ಬಹಳ ವರ್ಷಗಳಾದ ಮೇಲೆ ಅಪ್ಪ ನನ್ನೊಡನೆ ಅಷ್ಟು ದೀರ್ಘವಾಗಿ ಮಾತನಾಡಿದ್ದು ಆ ರಾತ್ರಿಯೇ. ಹೊರಗೆ ಮಿಡತೆಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಹೆಂಡತಿ ಟಾರ್ಚ್ ಹಿಡಿದು ಕಾಯುತ್ತ ನಿಂತಿದ್ದಳು, ನಮ್ಮಿಬ್ಬರನ್ನು ಅವಸರಪಡಿಸಲಿಲ್ಲ.

ಇನ್ವರ್ಟರಿನ ಸ್ವಿಚ್ಚನ್ನು ಆರಿಸಿದೆ. ಮೀಟರನ್ನು ಕಾವಲುಗಾರನ ಕೋಣೆಯ ಸಾಕೆಟ್ಟಿನಲ್ಲಿ ಪರೀಕ್ಷಿಸಿ, ಅಡುಗೆಕಟ್ಟೆಯದರಲ್ಲಿ ಸೊನ್ನೆ ಬಂದುದನ್ನು ಕಂಡು, ಮತ್ತೆ ಹೊರಗೆ ಹೋಗಿ ಮೀಟರ್ ಸರಿಯಾಗಿದೆಯೆಂದು ಖಾತರಿಪಡಿಸಿಕೊಂಡು ಬಂದೆ. ನಂತರವೇ ಸಾಕೆಟ್ಟಿನ ಮುಚ್ಚಳ ಬಿಚ್ಚಿದ್ದು. ಒಳಗೆ ಕೆಂಪು, ಕಪ್ಪು, ಹಸಿರು ತಂತಿಗಳು ಎರಡೆರಡು. ಅವುಗಳ ಪಕ್ಕದಲ್ಲಿಯೇ ಇನ್ನೊಂದು ಕೆಂಪು-ಕಪ್ಪು ಜೋಡಿ ಹಾದುಹೋಗಿತ್ತು. ಅದು ದೀಪಗಳ 12 ವೋಲ್ಟಿನದು, ಅಲ್ಲಿ ಕೆಂಪೆಂದರೆ ಬ್ಯಾಟರಿಯ ಧನ, ಕಪ್ಪೆಂದರೆ ಋಣ. ಎರಡು ಬೇರೆ ಬೇರೆ ವ್ಯವಸ್ಥೆಗಳಿಗೆ ಒಂದೇ ಬಣ್ಣಗಳನ್ನು ಕೊಟ್ಟು ಒಟ್ಟಿಗೆ ಎಳೆದಿರುವುದನ್ನು ಕಂಡು ಅಪ್ಪನ ಮುಖ ಗಂಭೀರವಾಯಿತು. ತಂತಿ ಕೀಳುವ ಮುನ್ನ ಬಣ್ಣ ನೋಡಿ ಸಾಕೆನ್ನದೆ, ಅದು ಎಲ್ಲಿಗೆ ಹೋಗುತ್ತದೆಂದು ಕಣ್ಣಲ್ಲಿ ಹಿಂಬಾಲಿಸಬೇಕೆಂದು ನಾನು ಕಲಿತದ್ದು ಅಲ್ಲಿ.

ನ್ಯೂಟ್ರಲ್ಲಿನ ಸ್ಕ್ರೂ ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು. ಮನೆಯ ಗೋಡೆ ಅಲುಗುವುದಿಲ್ಲ, ಆದರೆ ಈ ಗೋಡೆ ಪ್ರತಿ ಹಂಪಿನಲ್ಲಿಯೂ ಪ್ರತಿ ಗುಂಡಿಯಲ್ಲಿಯೂ ನಡುಗಿದೆ. ಸಡಿಲವಾದ ಜಾಗದಲ್ಲಿ ತಡೆ ಹೆಚ್ಚಿ, ಕೆಟಲ್ಲಿನ ಆರೂವರೆ ಆಂಪಿಯರ್ ಹರಿದಾಗಲೆಲ್ಲ ಬಿಸಿಯೇರಿ, ತಂತಿಯ ಎಳೆಗಳು ಕಪ್ಪಾಗಿ, ಹೊದಿಕೆ ಸುಲಿದು, ಕೊನೆಗೆ ಒಳಬರುವ ತಂತಿ ಕಳಚಿಕೊಂಡಿತ್ತು. ಅಪ್ಪನ ಬೆರಳುಗಳು ಈಗ ನಡುಗುತ್ತವೆ. ಅವರು ಹೇಳಿದರು, ನಾನು ಮಾಡಿದೆ. ಕಪ್ಪಾದ ಭಾಗವನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿದೆ. ಸುಟ್ಟ ಸಾಕೆಟ್ಟನ್ನು ಮತ್ತೆ ಬಳಸಕೂಡದೆಂದು ತೆಗೆದುಹಾಕಿ, ಒಳಬರುವ ಮತ್ತು ಹೊರಹೋಗುವ ಮೂರೂ ಜೋಡಿಗಳನ್ನು ಅಪ್ಪನ ಚೀಲದಲ್ಲಿದ್ದ ಪಿಂಗಾಣಿ ಕನೆಕ್ಟರಿನಲ್ಲಿ ಬಿಗಿದೆ. ಪ್ರತಿಯೊಂದನ್ನೂ ಎಳೆದು ನೋಡಿಸಿದರು. ಒಂದು ಜಾರಿತು. ಮತ್ತೆ ಬಿಗಿದೆ.

ವಿದ್ಯುತ್ತನ್ನು ಮರಳಿ ಕೊಟ್ಟಾಗ ಗಂಟೆ ಒಂದು ದಾಟಿತ್ತು. ಸಾಕೆಟ್ಟುಗಳ ಎಂಸಿಬಿಯನ್ನು ಹಚ್ಚುವ ಮುಂಚೆ ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿಸಿದರು, ಅದು ಟಕ್ಕೆಂದು ಬಿದ್ದು ತನ್ನ ಆರೋಗ್ಯವನ್ನು ತೋರಿಸಿತು. ಮಂಚದ ಪಕ್ಕದ ಸಾಕೆಟ್ಟಿನಲ್ಲಿ ಈಗ ಟೆಸ್ಟರ್ ಒಂದೇ ರಂಧ್ರದಲ್ಲಿ ಬೆಳಗಿತು. ಸಿಪ್ಯಾಪ್ ಯಂತ್ರದ ಮೆಲುದನಿ ಕೇಳಿಸಿದಾಗ ನನಗಾದ ನೆಮ್ಮದಿಯನ್ನು ಹೇಳಲು ಮಾತು ಸಾಲದು. ಅಪ್ಪ ಐದು ನಿಮಿಷದಲ್ಲಿ ನಿದ್ರೆಹೋದರು. ನಾನು ಮಾತ್ರ ಆಗಾಗ ಎದ್ದು ಅಡುಗೆಕಟ್ಟೆಯ ಹಲಗೆಗೆ ಅಂಗೈ ಇಟ್ಟು ಬಿಸಿಯಿದೆಯೇ ಎಂದು ನೋಡುತ್ತಿದ್ದೆ. ತಣ್ಣಗಿತ್ತು.

ಶಿವನಸಮುದ್ರದಲ್ಲಿ ಕಳೆದ ಎರಡು ದಿನಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ಗಗನಚುಕ್ಕಿ ತುಂಬಿ ಹರಿಯುತ್ತಿತ್ತು. ಜಲಪಾತಕ್ಕೆ ಬೆನ್ನುಮಾಡಿ, ವಿದ್ಯುದಾಗಾರದ ಕಡೆಯಿಂದ ಹೊರಟು ಗುಡ್ಡ ಏರುವ ಲೈನುಗಳನ್ನೇ ಅಪ್ಪ ಬಹಳ ಹೊತ್ತು ನೋಡಿದರು. ಮಳವಳ್ಳಿಯ ಮುದ್ದೆ, ಬಸ್ಸಾರು ಚೆನ್ನಾಗಿತ್ತು. ಎರಡು ರಾತ್ರಿಯೂ ಕೆಟಲ್ಲನ್ನು ಹೊರತೆಗೆಯಲಿಲ್ಲ, ಗ್ಯಾಸಿನ ಒಲೆಯಲ್ಲಿಯೇ ನೀರು ಕಾಯಿಸಿದೆವು.

ಬೆಂಗಳೂರಿಗೆ ಮರಳಿದ ದಿನ ವಾಹನವನ್ನು ಒಪ್ಪಿಸುವ ಮೊದಲು ಮೆಟ್ರೊ ಹಿಡಿದು ಎಸ್.ಪಿ. ರಸ್ತೆಗೆ ಹೋಗಿ ಹೊಸ ಸಾಕೆಟ್ಟನ್ನೂ, ಎಳೆತಂತಿಯ ತುದಿಗೆ ತೊಡಿಸಿ ಅದುಮುವ ತಾಮ್ರದ ಫೆರೂಲುಗಳನ್ನೂ ಅದುಮುವ ಇಕ್ಕಳವನ್ನೂ ತಂದೆ. ಜೊತೆಗೆ, ಸಾಕೆಟ್ಟುಗಳು ಸತ್ತರೂ ಸಿಪ್ಯಾಪ್ ಯಂತ್ರವನ್ನು ನೇರವಾಗಿ ವಾಹನದ 12 ವೋಲ್ಟಿನಿಂದ ನಡೆಸಬಲ್ಲ ಅಡಾಪ್ಟರನ್ನು ತರಿಸಿಕೊಂಡೆ. ಇಂಥ ಯಂತ್ರವನ್ನು ನೆಚ್ಚಿಕೊಂಡವರು ಅದಿಲ್ಲದೆ ಮೋಟರ್‌ಹೋಮಿನಲ್ಲಿ ಹೊರಡಬಾರದೆಂದು ಒತ್ತಿ ಹೇಳುತ್ತೇನೆ. ಮನೆಯ ಮುಂದೆ ವಾಹನ ನಿಲ್ಲಿಸಿಕೊಂಡು, ಅಪ್ಪ ಕುರ್ಚಿಯಲ್ಲಿ ಕುಳಿತು ನೋಡುತ್ತಿರಲು, ಹೊಸ ಸಾಕೆಟ್ಟನ್ನು ಕೂರಿಸಿ ಉಳಿದ ಐದನ್ನೂ ಒಂದೊಂದಾಗಿ ಬಿಚ್ಚಿದೆ. ಎರಡರಲ್ಲಿ ಸ್ಕ್ರೂಗಳು ಅರ್ಧ ಸುತ್ತು ತಿರುಗಿದವು. ಬಾಗಿಲಿನಿಂದ ಮಂಚದವರೆಗೆ ಸಾಕೆಟ್ಟುಗಳ ಸರದಿಯನ್ನೂ ಯಾವ ಎಂಸಿಬಿ ಯಾವುದಕ್ಕೆಂಬುದನ್ನೂ, ಪ್ಲಗ್ ಕಿತ್ತ ಮೇಲೆ ಇನ್ವರ್ಟರನ್ನೂ ಆರಿಸಬೇಕೆಂಬುದನ್ನೂ ಅಪ್ಪ ದುಂಡಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟರು. ಅದನ್ನು ಮಂಚದ ಕೆಳಗಿನ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿ, ಸುಟ್ಟ ಸಾಕೆಟ್ಟನ್ನು ಒಂದು ಲಕೋಟೆಯಲ್ಲಿ ಹಾಕಿಕೊಂಡು, ವಾಹನವನ್ನು ಒಪ್ಪಿಸಲು ಹೊರಟೆ.