ಮಾತ್ರೆ ಇಲ್ದೇ ಎಚ್‌ಐವಿನ ಹದ್ದುಬಸ್ತಲ್ಲಿ ಇಡೋರು
ಎಚ್‌ಐವಿ ತಗುಲಿದ್ರೂ ಮಾತ್ರೆ ಇಲ್ದೇ ವರ್ಷಗಟ್ಲೆ ಆರಾಮಾಗಿರೋರು ಇದಾರೆ, ನೂರರಲ್ಲಿ ಒಬ್ರೂ ಸಿಗಲ್ಲ, ಆದ್ರೆ ಇದಾರೆ. 2010ರಲ್ಲಿ ಇಂಥವರ ಜೀನ್ಸ್ ಜಾಲಾಡಿದಾಗ ಎದ್ದು ಕಂಡಿದ್ದು ಎಚ್‌ಎಲ್‌ಎ-ಬಿ ಅನ್ನೋ ಪ್ರೋಟೀನಿನ ಒಂದು ಸಣ್ಣ ತೋಡು. ಸೋಂಕು ತಗುಲಿದ ಸೆಲ್ಲು ವೈರಸ್ಸಿನ ಚೂರುಗಳನ್ನ ಈ ತೋಡಲ್ಲಿ ಸಿಕ್ಕಿಸಿ ಹೊರಗೆ ತೋರಿಸುತ್ತೆ, ರೋಗದ ವಿರುದ್ಧ ಹೋರಾಡೋ ಟಿ-ಸೆಲ್ ಬಂದು ಆ ಸೆಲ್ಲನ್ನೇ ಮುಗಿಸುತ್ತೆ. ಎಚ್‌ಎಲ್‌ಎ-ಬಿಯಲ್ಲೇ ಬಿ57 ಅನ್ನೋ ಬಗೆ ಇರೋರಲ್ಲಿ ಹೆಚ್ಚಾಗಿ ಸಿಕ್ಕಿಬೀಳೋದು ವೈರಸ್ಸಿನ ಗ್ಯಾಗ್ ಅನ್ನೋ ಪ್ರೋಟೀನಿನ ಚೂರು, ತಪ್ಪಿಸ್ಕೊಳ್ಳೋಕೆ ವೈರಸ್ಸು ಅದನ್ನ ಬದಲಾಯಿಸಿದ್ರೆ ತಾನೇ ಸೊರಗುತ್ತೆ, ಅತ್ತ ದರಿ ಇತ್ತ ಪುಲಿ! ಹಾಗಂತ ಬಿ57 ಇದ್ದೋರೆಲ್ಲ ಬಚಾವ್ ಅಲ್ಲ, ಎಷ್ಟೋ ಜನಕ್ಕೆ ಮಾತ್ರೆ ಬೇಕೇ ಬೇಕು. ಇನ್ನೊಂದು ವಿಚಿತ್ರ ನೋಡಿ, ಇದೇ ಗುಂಪಿನ ಬಿ57:01 ಇರೋರಿಗೆ ಅಬಾಕವಿರ್ ಅನ್ನೋ ಎಚ್‌ಐವಿ ಔಷಧಿನೇ ಜೀವಕ್ಕೆ ಕುತ್ತು ತರೋ ಅಲರ್ಜಿ ಮಾಡಬಹುದು, ಅದಕ್ಕೇ ಕೊಡೋ ಮುಂಚೆ ಜೀನ್ ಟೆಸ್ಟ್ ಮಾಡಿಸಿ ಅಂತಾರೆ.