ಹ್ಯಾಮ್‌ಸ್ಟ್ರಿಂಗ್ ಕೇಳೋ ಸಮಯ
ವಯಸ್ಸು 35 ದಾಟಿ ಮಾಸ್ಟರ್ಸ್ (ಹಿರಿಯರ ವಿಭಾಗ) ಸ್ಪ್ರಿಂಟ್ ಓಡೋರನ್ನ ಹೆಚ್ಚು ಕಾಡೋದು ತೊಡೆ ಹಿಂಭಾಗದ ಸ್ನಾಯು, ಅಂದ್ರೆ ಹ್ಯಾಮ್‌ಸ್ಟ್ರಿಂಗ್. ಕಾಲು ಮುಂದೆ ಚಾಚಿ ಇನ್ನೇನು ನೆಲ ಮುಟ್ಟಬೇಕು, ಆಗ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕುತ್ತೆ. ಹರಿಯೋದು ಹೆಚ್ಚಾಗಿ ಅಲ್ಲೇ. ನೋವು ಹೋಯ್ತು ಅಂತ ಹತ್ತೇ ದಿನಕ್ಕೆ ಸ್ಪೈಕ್ಸ್ (ಮೊಳೆ ಇರೋ ಓಟದ ಶೂ) ಕಟ್ಟಿದರೆ ಅದೇ ಜಾಗ ಮತ್ತೆ ಹಿಡಿಯುತ್ತೆ. ಮೊದಲು ನಡಿಗೆ, ಜಾಗಿಂಗ್, ಆಮೇಲೆ 60 ಮೀಟರ್ ಓಟ ಅರ್ಧ ವೇಗದಲ್ಲಿ, ನಂತರ ಮುಕ್ಕಾಲು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಬಿಗಿತ ಇಲ್ಲದಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ವಯಸ್ಸಾದ ದೇಹ ವೇಗ ಮರೆತಿರಲ್ಲ, ದುರಸ್ತಿಗೆ ಹೊತ್ತು ಜಾಸ್ತಿ ಕೇಳುತ್ತೆ ಅಷ್ಟೆ. ವಾರಕ್ಕೆರಡು ಸಲ ನಾರ್ಡಿಕ್ ಕರ್ಲ್ (ಮಂಡಿಯೂರಿ, ಪಾದ ಹಿಡಿಸಿಕೊಂಡು, ಮೈ ನೆಟ್ಟಗಿಟ್ಟು ಮುಂದಕ್ಕೆ ಇಳಿಯೋ ವ್ಯಾಯಾಮ), 3 ಸೆಟ್, ತಲಾ 5 ಸಲ. ಮಂಡಿ ಕೆಳಗೆ ಮಡಚಿದ ಟವೆಲ್, ಇಳಿಯೋದು ನಿಧಾನಕ್ಕೆ. ಮಾಸ್ಟರ್ಸ್‌ನಲ್ಲಿ ಸ್ಟಾರ್ಟಿಂಗ್ ಬ್ಲಾಕ್ (ಬಗ್ಗಿ ಓಟ ಶುರುಮಾಡುವಾಗ ಪಾದ ಒತ್ತೋ ಆಸರೆ) ಕಡ್ಡಾಯ ಅಲ್ಲ. ಗಾಯದ ನಂತರದ ಮೊದಲ ರೇಸನ್ನ ನಿಂತೇ ಶುರುಮಾಡಿ.